ಅಪ್ಪನನ್ನು ಮಿಷಿಗನ್ ಲೇಕ್‌ಗೆ ಸಾಲ್ಮನ್ ಹಿಡಿಯೋಕೆ ಕರ್ಕೊಂಡು ಹೋಗಬೇಕು. ಬಾಡಿಗೆ ದೋಣಿ ಸಾಕಾ?

ಗಂಗೊಳ್ಳಿ ಮಗ (ನೇಪರ್‌ವಿಲ್, ಇಲಿನಾಯ್)

ಅಪ್ಪ ಅಮ್ಮ ಮೇ ಕೊನೆಗೆ ಬಂದಿದ್ದಾರೆ, ಅಕ್ಟೋಬರ್ ತನಕ ಇರುತ್ತಾರೆ. ಅಮ್ಮನಿಗೆ ಮೊಮ್ಮಗಳಿದ್ದಾಳೆ, ಹೊತ್ತು ಹೋಗುತ್ತದೆ. ಕಷ್ಟ ಅಪ್ಪನದ್ದು. 26 ವರ್ಷ ಕಡಲಲ್ಲಿ ಸುತ್ತುಬಲೆ ಹಾಕುವ ಪರ್ಸೀನ್ ಬೋಟಿನಲ್ಲಿ ದುಡಿದವರು, ಕೊನೆಯ ಒಂಬತ್ತು ವರ್ಷ ತಾಂಡೇಲ, ಅಂದರೆ ಬೋಟ್ ನಡೆಸುವ ಯಜಮಾನ. ಈಗ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಾಲ್ಕನಿಯಲ್ಲಿ ಕೂತು ಪಾರ್ಕಿಂಗ್ ಲಾಟ್ ನೋಡುತ್ತಾರೆ. ಊರಲ್ಲೂ ಜೂನ್ 1ರಿಂದ ಜುಲೈ 31ರ ತನಕ ಬೋಟ್ ಇಳಿಸೋ ಹಾಗಿಲ್ಲ, ಸುಮ್ನೆ ಕೂತು ಅಭ್ಯಾಸ ಇದೆ ಅನ್ನುತ್ತಾರೆ. ನಂಬಬೇಡಿ.

ಕಳೆದ ವಾರ ಷಿಕಾಗೋದ ಮಾಂಟ್ರೋಸ್ ಬೀಚ್‌ಗೆ ಕರ್ಕೊಂಡು ಹೋಗಿದ್ದೆ. ಇಳಿದವರೇ ನೀರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. "ಉಪ್ಪೇ ಇಲ್ಲ ಮಗಾ. ಇದ್ರಗೆ ಎಂತ ಮೀನ್ ಸಿಕ್ಕತ್ತ್?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಯಾಕಂದರೆ ಕಳೆದ ಜುಲೈನಲ್ಲಿ ಇಬ್ಬರು ಗೆಳೆಯರ ಜೊತೆ ಬಾಡಿಗೆ ದೋಣಿ ತಗೊಂಡು ಹೋಗಿದ್ದೆ. ಹನ್ನೊಂದು ಗಂಟೆಗೆ ಹೊರಟು, ಅಂಗಡಿಯವನು ಕೊಟ್ಟ ಸ್ಪೂನ್ (ಮೀನಿನ ಹಾಗೆ ಹೊಳೆಯುವ ತಗಡಿನ ಗಾಳ) ಕಟ್ಟಿಕೊಂಡು ನಾಲ್ಕು ತಾಸು ಸುತ್ತಿದೆವು. ಒಂದೂ ಕಚ್ಚಲಿಲ್ಲ. ವಾಪಸ್ ಬರುವಾಗ ಗಾಳಿ ಎದ್ದು ಮೂವರಿಗೂ ವಾಂತಿ. ದೋಣಿಯವನು ಲೈಫ್ ಜಾಕೆಟ್ ಒಂದು ಕಡಿಮೆ ಕೊಟ್ಟಿದ್ದಾನೆ ಅಂತ ಗೊತ್ತಾಗಿದ್ದೂ ಆಗಲೇ.

ಅಪ್ಪನಿಗೆ 67. ಚೆನ್ನಾಗಿ ಈಜುತ್ತಾರೆ. ಬಾಡಿಗೆ ದೋಣಿಯೇ ಸಾಕಾ, ಕ್ಯಾಪ್ಟನ್ ಸಮೇತ ಬರುವ ಚಾರ್ಟರ್ ದೋಣಿ ಬೇಕಾ? ತಾಂಡೇಲನನ್ನು ಕರ್ಕೊಂಡು ಹೋಗಿ ಬರಿಗೈಯಲ್ಲಿ ಬಂದರೆ ನನ್ನ ಮರ್ಯಾದೆ ಉಳಿಯೋಲ್ಲ.

ಥಂಡಿ ನೀರು (ರೇಸೀನ್, ವಿಸ್ಕಾನ್ಸಿನ್)

ನಾನು ತೀರ್ಥಹಳ್ಳಿ ಕಡೆಯವನು, ತುಂಗೆಯಲ್ಲಿ ಎರೆಹುಳ ಚುಚ್ಚಿ ಗಾಳ ಹಾಕಿದ್ದೇ ನನ್ನ ವಿದ್ಯೆ. ಇಲ್ಲಿ 19 ಅಡಿಯ ಹಳೇ ದೋಣಿ ಕೊಂಡು ಹನ್ನೊಂದು ವರ್ಷ ಆಯಿತು. ಮೊದಲ ಎರಡು ಸೀಸನ್ ನನ್ನದೂ ನಿಮ್ಮ ಗತಿಯೇ.

ತಪ್ಪು ಸ್ಪೂನ್‌ದಲ್ಲ, ಆಳದ್ದು. ಜುಲೈನಲ್ಲಿ ಮೇಲಿನ ನೀರು 70 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಇರುತ್ತದೆ. ಕಿಂಗ್ ಸಾಲ್ಮನ್‌ಗೆ, ಅಂದರೆ ಚಿನೂಕ್‌ಗೆ, ಬೇಕಾದದ್ದು 50ರಿಂದ 55. ಆ ಥಂಡಿ ಪದರ ಒಂದು ದಿನ 40 ಅಡಿಗೆ ಸಿಗುತ್ತದೆ, ಇನ್ನೊಂದು ದಿನ 90ಕ್ಕೆ. ನಿಮ್ಮ ಸ್ಪೂನ್ ಐದಾರು ಅಡಿ ಕೆಳಗೆ ಓಡಿರಬೇಕು. ನೆಂಟರು ಜಗಲಿಯಲ್ಲಿ ಕೂತಿದ್ದಾರೆ, ನೀವು ಅಟ್ಟದ ಮೇಲೆ ಎಲೆ ಹಾಕಿದ್ದೀರಿ.

ಹಾಗಾಗಿ ಹೋಗುವ ಮುಂಚೆ ಮೂರು ದಿನದ ಗಾಳಿ ನೋಡಿ. ಪಶ್ಚಿಮದ ಗಾಳಿ ಎರಡು ದಿನ ಬಿಡದೆ ಬೀಸಿದರೆ ನಮ್ಮ ದಡದ ಬೆಚ್ಚನೆ ನೀರು ಆಚೆ ಮಿಷಿಗನ್ ರಾಜ್ಯದ ಕಡೆಗೆ ಸರಿಯುತ್ತದೆ. ಅದರ ಜಾಗಕ್ಕೆ ಅಡಿಯ ಥಂಡಿ ನೀರು ಮೇಲೇಳುತ್ತದೆ, ಮೀನೂ ದಡದ ಹತ್ತಿರ ಬರುತ್ತದೆ. ಪೂರ್ವದ ಗಾಳಿಯಾದರೆ ಉಲ್ಟಾ. ಅಲೆಯೂ ಜಾಸ್ತಿ.

ಆಳಕ್ಕೆ ಇಳಿಸೋಕೆ ಡೌನ್‌ರಿಗ್ಗರ್ ಇರಲೇಬೇಕು. ದೋಣಿಯ ಹಿಂಬದಿಯಲ್ಲಿ ಒಂದು ಚಕ್ರ, ಅದರಿಂದ ಸ್ಟೀಲ್ ವೈರು, ತುದಿಗೆ 10-12 ಪೌಂಡಿನ ಗುಂಡು. ನಿಮ್ಮ ದಾರವನ್ನು ಅಲ್ಲೊಂದು ಕ್ಲಿಪ್‌ಗೆ ಸಿಕ್ಕಿಸಿ ಗುಂಡಿನ ಜೊತೆ ಕೆಳಗೆ ಬಿಡೋದು. ರಾಡ್ ಬಿಲ್ಲಿನ ಹಾಗೆ ಬಗ್ಗಿ ಕೂತಿರುತ್ತದೆ. ಮೀನು ಕಚ್ಚಿದಾಗ ರಾಡ್ ಇನ್ನೂ ಬಗ್ಗುತ್ತದೆ ಅಂದುಕೊಂಡಿರಾ? ಇಲ್ಲ, ಫಟ್ ಅಂತ ನೆಟ್ಟಗಾಗುತ್ತದೆ! ಕ್ಲಿಪ್ ಬಿಟ್ಟಿತು ಅಂತ ಅರ್ಥ. ಅರೆಕ್ಷಣ ಏನೂ ಇಲ್ಲ. ಆಮೇಲೆ ತುದಿ ನೀರು ಮುಟ್ಟುವಷ್ಟು ಬಾಗಿ ರೀಲು ಕೂಗೋಕೆ ಶುರು. ಓಡುವಷ್ಟು ಓಡಲಿ, ಬಿಡಿ. ಎಳೆದಾಡಿದರೆ ದಾರ ಹೋಗುತ್ತದೆ.

ವೇಗ ಗಂಟೆಗೆ ಎರಡೂವರೆ ಮೈಲಿ. ಹೊತ್ತು, ಸೂರ್ಯ ಹುಟ್ಟುವ ಮುಂಚೆ. ಕತ್ತಲಲ್ಲಿ ಹೊಳೆಯುವ ಸ್ಪೂನ್‌ಗೆ ಟಾರ್ಚ್ ಹಿಡಿದು ಬೆಳಕು ಕುಡಿಸಿ ಬಿಡುತ್ತೇವೆ. ನಿಮ್ಮ ಅಪ್ಪ ನಾಲ್ಕಕ್ಕೆ ಏಳುತ್ತಾರಲ್ಲ, ನಾವು ದೋಣಿ ಇಳಿಸೋದೂ ಆಗಲೇ. ಹನ್ನೊಂದಕ್ಕೆ ನಾವು ಮನೆಯಲ್ಲಿ ಮಲಗಿರುತ್ತೇವೆ.

ಇಷ್ಟೆಲ್ಲ ಬಾಡಿಗೆ ದೋಣಿಯಲ್ಲಿ ಆಗೋಲ್ಲ. ಚಾರ್ಟರೇ ತಗೊಳ್ಳಿ, ಆರು ಜನರ ತನಕ ಹೋಗಬಹುದು. ಕ್ಯಾಪ್ಟನ್ ಹತ್ತಿರ ಕೋಸ್ಟ್ ಗಾರ್ಡ್ ಲೈಸೆನ್ಸ್ ಇದೆಯಾ ಕೇಳಿ. ಈಜು ಬರುತ್ತದೆ ಅನ್ನೋದನ್ನು ಮರೆತುಬಿಡಿ. ದಡದಿಂದ ದೂರ ಹೋದರೆ ನೀರಿನ ಥಂಡಿಗೆ ಕೈಕಾಲು ಮರಗಟ್ಟುತ್ತದೆ, ಈಜು ಆಮೇಲಿನ ಮಾತು. ಈ ಲೇಕ್ 118 ಮೈಲಿ ಅಗಲ, ಆಳ ಹೆಚ್ಚೆಂದರೆ 923 ಅಡಿ. ಇಲ್ಲಿನ ಅಲೆ ಕಡಲಿನ ಹಾಗೆ ಉದ್ದಕ್ಕೆ ಎತ್ತಿ ಇಳಿಸೋದಲ್ಲ, ಒಂದರ ಬೆನ್ನಿಗೆ ಇನ್ನೊಂದು ಬಂದು ಬಡಿಯೋದು. ಆಚೆ ದಡದ ಪ್ಲಾಟ್ ಬೇ ಹತ್ತಿರ 1967ರ ಸೆಪ್ಟೆಂಬರ್ 23ರಂದು ಕೋಹೋ ಅನ್ನೋ ಸಾಲ್ಮನ್ ಹಿಡಿಯೋಕೆ ಅಂತ ಸಣ್ಣ ಸಣ್ಣ ದೋಣಿಗಳು ಮುತ್ತಿದ್ದವು. ಬಿರುಗಾಳಿಗೆ ಏಳು ಜನ ಸತ್ತರು.

ಆ ಕೋಹೋ ಕೂಡ ಇಲ್ಲಿಯದಲ್ಲ, ಪೆಸಿಫಿಕ್‌ನದು. 1966ರಲ್ಲಿ ಕೋಹೋ ಮರಿ ಬಿಟ್ಟರು, ಮರುವರ್ಷ ಚಿನೂಕ್. ಅದಕ್ಕೂ ಮುಂಚೆ ಇಲ್ಲಿನದೇ ಆದ ಲೇಕ್ ಟ್ರೌಟ್ ಇತ್ತು. ರಕ್ತ ಹೀರುವ ಲ್ಯಾಂಪ್ರಿ ಬಂದು ಅದನ್ನು ಹೆಚ್ಚುಕಡಿಮೆ ಮುಗಿಸಿತು. ತಿನ್ನುವವರಿಲ್ಲದೆ ಏಲ್‌ವೈಫ್ ಅನ್ನೋ ಮೀನು ಮಿತಿಮೀರಿ ಹೆಚ್ಚಿ, ಸತ್ತು, ಬೀಚ್ ತುಂಬ ರಾಶಿ ಬಿದ್ದು ನಾರುತ್ತಿತ್ತಂತೆ. ಅದನ್ನು ತಿನ್ನಿಸೋಕೆ ತಂದದ್ದು ಸಾಲ್ಮನ್. ಏಲ್‌ವೈಫ್ ನಿಮ್ಮ ಬೂತಾಯಿಯ ನೆಂಟ. ಬೂತಾಯಿ ಗುಂಪಿನ ಹಿಂದೆ ಅಂಜಲ್ ಬರೋ ಹಾಗೆ ಇದರ ಹಿಂದೆ ಕಿಂಗ್. ಫಿಶ್‌ಫೈಂಡರ್‌ನಲ್ಲಿ ಗುಂಪು ಮೋಡದ ಹಾಗೆ ಕಾಣುತ್ತದೆ, ಅಪ್ಪನಿಗೆ ಯಾರೂ ವಿವರಿಸಬೇಕಾಗಿಲ್ಲ.

ಲೈಸೆನ್ಸ್ ಇಬ್ಬರಿಗೂ ಬೇಕು, ಚಾರ್ಟರ್ ಆದರೂ. ವಿಸ್ಕಾನ್ಸಿನ್‌ನಲ್ಲಿ ಎರಡು ದಿನದ ಗ್ರೇಟ್ ಲೇಕ್ಸ್ ಲೈಸೆನ್ಸ್ ಸಿಗುತ್ತದೆ.

ಎರೀ ಪರ್ಚ್ (ಕ್ಲೀವ್‌ಲ್ಯಾಂಡ್, ಒಹಾಯೊ)

ಒಪ್ಪಿದೆ, ಆದರೆ ಒಂದು ತಕರಾರು. ಚಾರ್ಟರ್‌ನಲ್ಲಿ ಎಲ್ಲ ಅವರೇ ಕಟ್ಟಿ ಅವರೇ ಇಳಿಸುತ್ತಾರೆ, ನಾವು ರೀಲು ಸುತ್ತೋದು ಅಷ್ಟೇ. ತಾಂಡೇಲರಿಗೆ ಅದು ಮೀನು ಹಿಡಿದ ಹಾಗೆ ಆಗುತ್ತಾ?

ಸೆಪ್ಟೆಂಬರ್‌ನಲ್ಲಿ ಲೇಕ್ ಎರೀಗೆ ಬನ್ನಿ, ಪರ್ಚ್ ಅನ್ನೋ ಸಣ್ಣ ಮೀನು ಹಿಡಿಯೋಣ. ಲಂಗರು ಹಾಕಿ, ಎರಡು ಗಾಳಕ್ಕೆ ಸಣ್ಣ ಜೀವಂತ ಮೀನು ಚುಚ್ಚಿ ತಳಕ್ಕೆ ಬಿಡೋದು. ತಟ್, ತಟ್ ತಟ್ ಅಂತ ಬೆರಳಿಗೇ ಗೊತ್ತಾಗುತ್ತದೆ. ಪಶ್ಚಿಮ ಭಾಗದಲ್ಲಿ ಸರಾಸರಿ ಆಳವೇ 24 ಅಡಿ. ಮಿಷಿಗನ್ ಲೇಕ್‌ನಲ್ಲಿ ಪರ್ಚ್ 90ರ ದಶಕದಿಂದಲೇ ಇಳಿದುಹೋಗಿದೆ. ರುಚಿ ಕೇಳಿದರೆ, ರವೆ ಹಚ್ಚಿ ಕರಿದರೆ ನಮ್ಮ ಕಾಣೆ ಮೀನೇ. ಸಾಲ್ಮನ್ ಅದರ ಹತ್ತಿರ ಬರೋಲ್ಲ, ಯಾರು ಬೇಕಾದರೂ ಜಗಳಕ್ಕೆ ಬನ್ನಿ.

ಗಂಗೊಳ್ಳಿ ಮಗ

ಇಬ್ಬರಿಗೂ ಥ್ಯಾಂಕ್ಸ್. ಚಾರ್ಟರ್ ಬುಕ್ ಮಾಡಿದೆ. ಆದರೆ ಆಫೀಸಿನಲ್ಲಿ ಒಬ್ಬರು ಆ ಲೇಕ್ ಮೀನು ತಿನ್ನಲೇಬೇಡಿ, ವಿಷ ಅಂದರು. ಹೌದಾ?

ಥಂಡಿ ನೀರು

ಪೂರ್ತಿ ಸುಳ್ಳಲ್ಲ. ಕಾರ್ಖಾನೆಗಳ ಪಿಸಿಬಿ ಅನ್ನೋ ರಾಸಾಯನಿಕ, 1979ರಲ್ಲೇ ಅಮೆರಿಕದಲ್ಲಿ ನಿಷೇಧ ಆಗಿದ್ದರೂ ನೀರಿನಡಿಯ ಕೆಸರಿನಲ್ಲಿ ಇನ್ನೂ ಇದೆ. ಅದು ಕೂರೋದು ಮೀನಿನ ಕೊಬ್ಬಿನಲ್ಲಿ. ಚರ್ಮ, ಹೊಟ್ಟೆಯ ಕೊಬ್ಬು, ಪಕ್ಕದ ಕಪ್ಪು ಮಾಂಸ ತೆಗೆದು ಬಿಸಾಕಿ. ತಲೆಯೂ ಬೇಡ. ದೊಡ್ಡ ಲೇಕ್ ಟ್ರೌಟ್ ಸಿಕ್ಕರೆ ಅಪರೂಪಕ್ಕೆ ತಿನ್ನಿ. ಬಸುರಿಯರಿಗೆ, ಮಕ್ಕಳಿಗೆ ರಾಜ್ಯದ ಪಟ್ಟಿಯಲ್ಲಿ ಬೇರೆ ಲೆಕ್ಕ ಇದೆ, ಮೊಮ್ಮಗಳಿಗೆ ಕೊಡುವ ಮುಂಚೆ ಅದನ್ನು ನೋಡಿ. ಸಾರಿಗೆ ತೆಂಗಿನಕಾಯಿ ಹಾಕಬೇಡಿ, ಈ ಮೀನಿಗೇ ಎಣ್ಣೆ ಜಾಸ್ತಿ. ಹುಣಸೆಹುಳಿ, ಮೆಣಸು ಸಾಕು.

ಗಂಗೊಳ್ಳಿ ಮಗ

ಆಗಸ್ಟ್ ಎರಡನೇ ಶನಿವಾರ ಹೋಗಿ ಬಂದೆವು. ಮೂರು ಕಿಂಗ್, ಒಂದು ಲೇಕ್ ಟ್ರೌಟ್. ದೊಡ್ಡದು 17 ಪೌಂಡ್.

ಮೊದಲ ಒಂದು ತಾಸು ಅಪ್ಪ ಮಾತೇ ಆಡಲಿಲ್ಲ. ಎರೀ ಪರ್ಚ್ ಅವರೇ, ನೀವು ಹೇಳಿದ್ದು ಸರಿ ಅಂದುಕೊಂಡೆ. ಆಮೇಲೆ ಎದ್ದು ಹೋಗಿ ಡೌನ್‌ರಿಗ್ಗರ್ ವೈರಿನ ಮೇಲೆ ಎರಡು ಬೆರಳು ಇಟ್ಟು ನಿಂತರು. ಮೇಲೆ ಒಂದು ಕಡೆ, ಅಡಿಯಲ್ಲಿ ಇನ್ನೊಂದು ಕಡೆ ನೀರು ಎಳೀತಾ ಇದೆ, ದೋಣಿ ತಿರುಗಿಸೋಕೆ ಹೇಳು ಅಂದರು. ನಾನು ಹೆದರುತ್ತಲೇ ಕ್ಯಾಪ್ಟನ್‌ಗೆ ಹೇಳಿದೆ. ಅವನು ಸ್ಕ್ರೀನ್ ನೋಡಿದ, ಅಪ್ಪನನ್ನು ನೋಡಿದ, ತಿರುಗಿಸಿದ. ಹತ್ತು ನಿಮಿಷಕ್ಕೆ ಎಡಗಡೆ ರಾಡ್ ಫಟ್ ಅಂತ ನೆಟ್ಟಗಾಯಿತು. ಕಾಕತಾಳೀಯ ಇರಬಹುದು. ಕ್ಯಾಪ್ಟನ್ ಮಾತ್ರ ಆಮೇಲೆ ಸ್ಟಿಯರಿಂಗ್ ಅವರಿಗೇ ಬಿಟ್ಟ.

ಥಂಡಿ ನೀರು ಅವರೇ, ಚರ್ಮ, ಕೊಬ್ಬು ಎಲ್ಲ ತೆಗೆದೆವು. ತಲೆ ವಿಷಯದಲ್ಲಿ ಸೋತೆ. ಮೀನು ಕತ್ತರಿಸುವ ಹುಡುಗ ತಲೆಗಳನ್ನು ಡಬ್ಬಿಗೆ ಎಸೆದ. ಅಪ್ಪ ಕೈಹಾಕಿ ಒಂದನ್ನು ಎತ್ತಿಕೊಂಡೇಬಿಟ್ಟರು. ಅಮ್ಮ ಊರಿಂದ ತಂದ ಜುಮ್ಮನಕಾಯಿ ಹಾಕಿ ಸಾರು ಮಾಡಿದರು. ಒಂದೇ ಸಲ ಅಂತ ಒಪ್ಪಂದ ಆಗಿದೆ.

ಈಗಲೂ ನಾಲ್ಕಕ್ಕೆ ಏಳುತ್ತಾರೆ. ಬಾಲ್ಕನಿಯಲ್ಲಿ ಫೋನ್ ಹಿಡಿದು ಗಾಳಿ ನೋಡುತ್ತಾರೆ. ನಿನ್ನೆ ಬಂದು ನನ್ನ ಬಾಗಿಲು ತಟ್ಟಿದರು, ಪಶ್ಚಿಮದ ಗಾಳಿ ಇವತ್ತಿಗೆ ಎರಡನೇ ದಿನ ಅಂತ. ಮಂಗಳವಾರ ಮಾರಾಯ್ರೆ, ಒಂಬತ್ತಕ್ಕೆ ಮೀಟಿಂಗ್.