ಸಿಎ 19-9 (ಕ್ಯಾನ್ಸರ್ ಸುಳಿವಿಗಾಗಿ ಮಾಡುವ ರಕ್ತಪರೀಕ್ಷೆ) ಮಾಡಿಸಬೇಕಾ?

ಅಪ್ಪ ಹೋದ ವರ್ಷ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಕಣ್ಣು ಅರಿಶಿನದ ಹಾಗಾದ ಮೇಲೇ ನಮಗೆ ಗೊತ್ತಾಗಿದ್ದು. ನನಗೀಗ 46. ಲ್ಯಾಬ್‌ನವರು ಪ್ಯಾಕೇಜ್ ಜೊತೆ ಸಿಎ 19-9 ಕೂಡ ಮಾಡಿಸಿ ಅಂತಾರೆ. ಮಾಡಿಸಲಾ?

ಉತ್ತರ 1: ಸುಮ್ನೆ ಮಾಡಿಸಬೇಡಿ ಸರ್. 37ರ ಒಳಗಿರಬೇಕಾದ್ದು ನಂದು 212 ಬಂತು. ಮೂರು ರಾತ್ರಿ ನಿದ್ದೆಯಿಲ್ಲ. ಸ್ಕ್ಯಾನ್ ಮಾಡಿದರೆ ಪಿತ್ತನಾಳದಲ್ಲಿ ಕಲ್ಲು! ತೆಗೆದ ಮೇಲೆ 20ಕ್ಕೆ ಇಳಿಯಿತು.

ಉತ್ತರ 2: ಉಲ್ಟಾನೂ ಆಗುತ್ತೆ. ಲೂಯಿಸ್ ನೆಗೆಟಿವ್ ಎಂಬ ರಕ್ತದ ಗುಂಪಿನವರಿಗೆ ಕ್ಯಾನ್ಸರ್ ಇದ್ದರೂ ಇದು ಸಾಮಾನ್ಯವಾಗಿ ಏರುವುದಿಲ್ಲ. ಮನೆಯಲ್ಲಿ ಬೇರೆ ಯಾರಿಗಾದರೂ ಸ್ತನದ್ದೋ ಅಂಡಾಶಯದ್ದೋ ಕ್ಯಾನ್ಸರ್ ಇತ್ತಾ? ಇದ್ದರೆ ಬಿಆರ್‌ಸಿಎ2 ಜೀನ್ ಪರೀಕ್ಷೆ ಬಗ್ಗೆ ಡಾಕ್ಟರನ್ನು ಕೇಳಿ; ಆ ಜೀನ್‌ನಲ್ಲಿ ದೋಷವಿದ್ದರೆ ಈ ಕ್ಯಾನ್ಸರ್‌ಗಳ ಜೊತೆ ಮೇದೋಜೀರಕದ್ದರ ರಿಸ್ಕೂ ಏರುತ್ತೆ. ರಿಸ್ಕ್ ಜಾಸ್ತಿ ಇರುವವರಿಗೆ ಎಂಆರ್‌ಐ, ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಬಾಯಿಂದ ಕೊಳವೆ ಇಳಿಸಿ ಮಾಡುವ ಸ್ಕ್ಯಾನ್) ಮಾಡುತ್ತಾರೆ.

ಪ್ರಶ್ನೆ ಕೇಳಿದವರು: ಸೋದರತ್ತೆಗೆ ಸ್ತನದ್ದಿತ್ತು. ಇದನ್ನು ಇದುವರೆಗೆ ಯಾರೂ ಕೇಳಿರಲೇ ಇಲ್ಲ.