ನಾಟಕದ ಸೆಟ್ ಸಭಾಂಗಣಕ್ಕೂ ಒಪ್ಪಬೇಕು, ಲೈವ್ ಕ್ಯಾಮೆರಾಕ್ಕೂ ಒಪ್ಪಬೇಕು. ಅನುಭವ ಇದ್ದವರು ಹೇಳಿ

ಕೇಳುತ್ತಿರುವವರು, ತಿಪಟೂರು
ನಮಸ್ಕಾರ. ನಮ್ಮದು ಹವ್ಯಾಸಿ ತಂಡ. ಮುಂದಿನ ತಿಂಗಳ ನಮ್ಮ ನಾಟಕವನ್ನು ಊರಿನ ಕೇಬಲ್ ಚಾನೆಲ್‌ನವರು ಮೂರು ಕ್ಯಾಮೆರಾ ಇಟ್ಟು ನೇರ ಪ್ರಸಾರ ಮಾಡುತ್ತಾರಂತೆ. ಹಳೇ ತೊಟ್ಟಿಮನೆಯ ಸೆಟ್ ಬೇಕು. ಇದುವರೆಗೆ ನಾವು ಕರಿ ಪರದೆ, ನಾಲ್ಕು ಲೆವೆಲ್ (ಮೇಲೆ ಹತ್ತಿ ನಿಲ್ಲುವ ಮರದ ಕಟ್ಟೆ) ಬಿಟ್ಟು ಬೇರೇನೂ ಮಾಡಿಲ್ಲ. ಟಿವಿಗೆ ಅಂತ ಬೇರೆ ಥರ ಕಟ್ಟಬೇಕಾ? ನಾನು ಎಲ್ಲಿಂದ ಶುರು ಮಾಡಲಿ?

ಸೆಟ್ ಕಟ್ಟುವವರು, ಸಾಗರ
ಮೇಡಂ, ಮೊದಲು ಟೇಪ್ ಹಿಡಿದು ಸಭಾಂಗಣಕ್ಕೆ ಹೋಗಿ. ಬೇರೆಯವರು ಹೇಳಿದ ಅಳತೆ ನಂಬಬೇಡಿ. ಒಮ್ಮೆ ಹಾಗೆ ನಂಬಿ 14 ಅಡಿಯ ಕಂಬ ಮಾಡಿಸಿದ್ದೆ. ಹೋಗಿ ನೋಡಿದರೆ ಲೈಟ್ ಕಟ್ಟುವ ಪೈಪು 12 ಅಡಿಗೇ ಇತ್ತು. ರಾತ್ರಿ ಹನ್ನೊಂದು ಗಂಟೆಗೆ ಕಂಬ ಕೊಯ್ದೆವು. ವೇದಿಕೆಯ ಅಗಲ, ಆಳ, ವಿಂಗ್‌ನಲ್ಲಿ, ಅಂದರೆ ವೇದಿಕೆಯ ಪಕ್ಕದ ಮರೆಯಲ್ಲಿ, ಉಳಿಯುವ ಜಾಗ ಅಳೆದ ಮೇಲೆ ಸಾಮಾನು ತರುವ ಬಾಗಿಲನ್ನೂ ಅಳೆಯಿರಿ. ಬಾಗಿಲು 7 ಅಡಿ ಇದ್ದರೆ 8 ಅಡಿ ಚೌಕದ ಜಗಲಿ ಒಂದೇ ತುಂಡಾಗಿ ಒಳಗೆ ಬರುವುದಿಲ್ಲ.

ತೊಟ್ಟಿಮನೆ ಅಂತ ಇಡೀ ಮನೆ ಕಟ್ಟಲು ಹೋಗಬೇಡಿ. ಎರಡು ಕಂಬ, ಒಂದು ಜಗಲಿ, ಹೆಂಚಿನ ಮಾಡಿನ ಒಂದು ಅಂಚು ಸಾಕು. ನಟರು ಕಂಬದ ಸುತ್ತ ನಡೆದರೆ, ಜಗಲಿಯಿಂದ ಅಂಗಳಕ್ಕೆ ಇಳಿದರೆ ಉಳಿದ ಮನೆ ತಾನೇ ಕಾಣುತ್ತದೆ. ಹೆಗ್ಗೋಡಿನ ನೀನಾಸಂ ಸಂಸ್ಥೆಯ ನಾಟಕ ತಂಡ ‘ತಿರುಗಾಟ’ 1985ರಿಂದ ಊರೂರು ಸುತ್ತುತ್ತಿದೆ. ಅವರ ಸೆಟ್ ಗಾಡಿಗೂ ಹಿಡಿಸಬೇಕು, ಸಿಕ್ಕ ವೇದಿಕೆಗೂ ಹೊಂದಬೇಕು. ಹತ್ತಿರ ಬಂದಾಗ ನಾಟಕ ಮುಗಿದ ಮೇಲೂ ನಿಂತು, ಬಿಚ್ಚುವುದನ್ನು ನೋಡಿ. ನೀವೂ ಮೊಳೆ ಬಿಟ್ಟು ನಟ್ಟು ಬೋಲ್ಟು ಹಾಕಿಸಿ.

ಕ್ಯಾಮೆರಾ ಕೆಲಸದವರು, ಬೆಂಗಳೂರು
ನಾನು ಲೈವ್ ಕಾರ್ಯಕ್ರಮಗಳ ಕಡೆಯವನು. ಬೇರೆ ಸೆಟ್ ಬೇಕಿಲ್ಲ. ಆದರೆ ಬಣ್ಣ ಹಚ್ಚುವ ಮೊದಲೇ ಕ್ಯಾಮೆರಾದವರನ್ನು ಕರೆಸಿ, ಇದೊಂದು ತಪ್ಪಿಸಬೇಡಿ. ನಮ್ಮ ಕಣ್ಣಿಗೆ ಬೆಳಕೂ ನೆರಳೂ ಒಟ್ಟಿಗೆ ಕಾಣುತ್ತವೆ. ಕ್ಯಾಮೆರಾಕ್ಕೆ ಅಷ್ಟು ಶಕ್ತಿ ಇಲ್ಲ. ಬಿಳಿ ಗೋಡೆಯ ಮುಂದೆ ನಟ ನಿಂತರೆ ಗೋಡೆ ಹೊಳೆಯುತ್ತದೆ, ಮುಖ ಕಪ್ಪಾಗುತ್ತದೆ. ಸುಣ್ಣದ ಗೋಡೆಯೇ ಬೇಕಿದ್ದರೆ ತಿಳಿ ಮಣ್ಣಿನ ಬಣ್ಣಕ್ಕೆ ಇಳಿಸಿ. ಬೆಳಕು ಬಿದ್ದಾಗ ಅದು ಸುಣ್ಣದ ಹಾಗೇ ಕಾಣುತ್ತದೆ. ಆಯಿಲ್ ಪೇಂಟ್ ಹೊಳೆಯುತ್ತದೆ, ಡಿಸ್ಟೆಂಪರ್ ವಾಸಿ. ಸಣ್ಣ ಗೆರೆಯ ಶರ್ಟು, ಸಣ್ಣ ಚೌಕಳಿಯ ಸೀರೆ ಟಿವಿಯಲ್ಲಿ ನಡುಗಿದ ಹಾಗೆ ಕಾಣುತ್ತವೆ.

ಕಂಪನಿ ನಾಟಕದ ಬಣ್ಣದ ಪರದೆ ನೋಡಿದ್ದೀರಲ್ವಾ? ದೂರದಿಂದ ಅರಮನೆ, ಹತ್ತಿರ ಹೋದರೆ ಬ್ರಷ್ಷಿನ ಗೀಟು. ಕ್ಲೋಸಪ್ ಅಂದರೆ ಆ ಹತ್ತಿರ ಹೋಗುವುದೇ. ಹಾಗಾಗಿ ನಟರ ಮುಖದ ಹಿಂದೆ ಬರುವ ಜಾಗ, ಅಂದರೆ ನಿಂತಾಗ ನಾಲ್ಕರಿಂದ ಆರಡಿ ಎತ್ತರದ ಪಟ್ಟಿ, ಅಲ್ಲಿ ಕೆಲಸ ಜಾಸ್ತಿ ಮಾಡಿ. ಜಗಲಿಯ ಮೇಲೆ ಕೂರುವ ದೃಶ್ಯ ಇದ್ದರೆ ಆ ಎತ್ತರವನ್ನೂ ನೋಡಿಕೊಳ್ಳಿ. ಒಂದು ಫ್ಲಾಟಿನ (ಚೌಕಟ್ಟಿಗೆ ಬಟ್ಟೆ ಅಥವಾ ಪ್ಲೈ ಹೊಡೆದು ಮಾಡಿದ ಗೋಡೆ) ಮೂಲೆಗೆ ಬಣ್ಣ ಹಚ್ಚಿ, ಮುಂದೆ ಒಬ್ಬರನ್ನು ವೇಷದಲ್ಲೇ ನಿಲ್ಲಿಸಿ, ಪ್ರದರ್ಶನದ ಲೈಟಿನಲ್ಲಿ, ಚಾನೆಲ್‌ನವರದೇ ಕ್ಯಾಮೆರಾದಲ್ಲಿ ನೋಡಿ. ಸರಿ ಕಂಡ ಮೇಲೆ ಉಳಿದದ್ದಕ್ಕೆ ಹಚ್ಚಿ.

ಕೇಳುತ್ತಿರುವವರು
ತುಂಬ ಉಪಕಾರವಾಯಿತು ಸರ್. ಇನ್ನೊಂದು ಕಷ್ಟ ಇದೆ. ಸಭಾಂಗಣದ ಲೈಟೆಲ್ಲ ಉರಿಯುತ್ತಲೇ ಇರಬೇಕು ಅಂತ ಚಾನೆಲ್‌ನವರು ಅನ್ನುತ್ತಿದ್ದಾರೆ. ನಮ್ಮಲ್ಲಿ ಒಂದು ರಾತ್ರಿಯ ದೃಶ್ಯ ಇದೆ.

ಬೆಳಕಿನವರು, ಮೈಸೂರು
ದಯವಿಟ್ಟು ಒಪ್ಪಬೇಡಿ. ಎದುರಿಗೆ ಬಂದು ಕೂತವರಿಗೆ ಕತ್ತಲು ಬೇಕು. ಅದನ್ನು ಕಿತ್ತುಕೊಂಡರೆ ನಾಟಕ ಸಭೆಯ ಹಾಗಾಗುತ್ತದೆ. ರಾತ್ರಿ ತೋರಿಸಲು ಎಲ್ಲ ಲೈಟೂ ಇಳಿಸಬೇಕಿಲ್ಲ. ಹಿಂದಿನಿಂದ ನೀಲಿ ಬಿಡಿ, ಪಕ್ಕದಿಂದ ಮುಖಕ್ಕೆ ಸ್ವಲ್ಪ ಕೊಡಿ. ತಲೆ, ಭುಜದ ಅಂಚು ಹಿನ್ನೆಲೆಯಿಂದ ಬಿಡಿಸಿಕೊಂಡು ಕಾಣುತ್ತದೆ. ಕ್ಯಾಮೆರಾಕ್ಕೂ ಅಷ್ಟು ಸಾಕು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಹಳದಿ ಬಲ್ಬಿನ ಲೈಟು 3200 ಕೆಲ್ವಿನ್ ಹತ್ತಿರ, ಬಿಳಿ ಎಲ್‌ಇಡಿ ಸಾಮಾನ್ಯವಾಗಿ 5600 ಹತ್ತಿರ. ಎರಡನ್ನೂ ಮುಖಕ್ಕೆ ಬೆರೆಸಿದರೆ ಟಿವಿಯಲ್ಲಿ ಒಂದು ಕೆನ್ನೆ ಹಳದಿ, ಒಂದು ಕೆನ್ನೆ ನೀಲಿ. ನಮ್ಮ ಕರೆಂಟು 50 ಹರ್ಟ್ಸ್. ಕ್ಯಾಮೆರಾದ ಶಟರ್ 1/50 ಸೆಕೆಂಡಿಗೆ ಇಟ್ಟರೆ ಟಿವಿಯಲ್ಲಿ ಕಾಣುವ ಲೈಟಿನ ಮಿಣುಕು ಬಹುಮಟ್ಟಿಗೆ ಹೋಗುತ್ತದೆ.

ಲೈಟುಗಳು ಎಳೆಯುವ ಕರೆಂಟಿನ ಲೋಡ್ ಲೆಕ್ಕ ಹಾಕಿದ್ದೀರಾ? 1000 ವಾಟ್‌ನ 12 ಪಾರ್ ಲೈಟ್ (ಡಬ್ಬಿಯಂಥ ವೇದಿಕೆ ಲೈಟು) ಅಂದರೆ 12 ಕಿಲೋವಾಟ್, 50 ಆಂಪಿಯರ್‌ಗೂ ಜಾಸ್ತಿ. 16 ಆಂಪಿಯರ್ ಸಾಕೆಟ್ಟಿಗೆ ಅಂಥ ಮೂರು ಲೈಟೇ ಮಿತಿ. ಚಾನೆಲ್‌ನವರ ಮಿಕ್ಸರು (ಕ್ಯಾಮೆರಾಗಳ ಚಿತ್ರ ಬದಲಿಸುವ ಯಂತ್ರ), ಕ್ಯಾಮೆರಾ ಬೇರೆ ಲೈನಿನಲ್ಲಿರಲಿ. ಸಭಾಂಗಣದ ಎಲೆಕ್ಟ್ರಿಷಿಯನ್ ಅಣ್ಣನನ್ನು ಮೊದಲ ದಿನವೇ ಮಾತಾಡಿಸಿ.

ತೆರೆಮರೆಯವರು, ಧಾರವಾಡ
ತಾಂತ್ರಿಕ ತಾಲೀಮಿಗೆ ಒಂದು ಪೂರ್ತಿ ದಿನ ಇಡ್ರಿ. ಕ್ಯಾಮೆರಾದವರೂ ಇರಬೇಕು. ನಟರು ನಿಲ್ಲುವ ಜಾಗಕ್ಕೆ ನೆಲದ ಮೇಲೆ ಟೇಪಿನ ಗುರುತು ಹಾಕಿ. ಕತ್ತಲಲ್ಲಿ ಇಳಿಯುವ ಲೆವೆಲ್ಲಿನ ಅಂಚಿಗೆ ಹಿಂಬದಿಯಿಂದ ಬಿಳಿ ಟೇಪ್ ಅಂಟಿಸಿ. ನಡುವಿನ ಕ್ಯಾಮೆರಾವನ್ನು ಸಭಾಂಗಣದ ತೀರಾ ಹಿಂದೆ, ಎತ್ತರದಲ್ಲಿ ಇಡಿಸಿ. ದಾರಿಯಲ್ಲಿ ಬಿದ್ದ ವೈರಿನ ಮೇಲೆ ಮ್ಯಾಟ್ ಹಾಸಿ. ತೊಟ್ಟಿಮನೆ ಅಂದಮೇಲೆ ದೀಪ ಹಚ್ಚುತ್ತೀರಿ. ಪರದೆಯಿಂದ ದೂರ ಇಡಿ, ವಿಂಗ್‌ನಲ್ಲಿ ಎರಡು ಬಕೆಟ್ ಮರಳು ಇರಲಿ, ದೀಪವನ್ನೇ ನೋಡಿಕೊಳ್ಳಲು ಒಬ್ಬರನ್ನು ನಿಲ್ಲಿಸಿ.