ಅಜ್ಜನ ಟ್ರಂಕಿನಲ್ಲಿ ‘ನೈಜೀರಿಯಾ’: ಇದು ಯಾವ ಹಡಗು?

ಶಾಂತಳ್ಳಿ ಮೊಮ್ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮದು ಸೋಮವಾರಪೇಟೆ ಹತ್ತಿರದ ಶಾಂತಳ್ಳಿ. ಈ ಮಳೆಗೆ ಅಟ್ಟ ಸೋರಿತು. ಹಾಗಾಗಿ ಅಜ್ಜನ ಕಬ್ಬಿಣದ ಟ್ರಂಕ್ ಕೆಳಗಿಳಿಸಿದೆವು. ಒಳಗೆ ನೌಕಾಪಡೆಯ ಬಿಳಿ ಟೋಪಿ, ಎರಡು ತಲೆಯ ಹಕ್ಕಿ ಇರುವ ಹಿತ್ತಾಳೆ ಬಿಲ್ಲೆ, ಒಂದು ಹಡಗಿನ ಫೋಟೊ. ಫೋಟೊ ಹಿಂದೆ ಅಜ್ಜನ ಕೈಬರಹದಲ್ಲಿ ಇಷ್ಟೇ ಇದೆ: ‘ಬರ್ಕನ್‌ಹೆಡ್, 1957. ನೈಜೀರಿಯಾ. 52 ಜನ.’

ಅಜ್ಜ ಬಾಯ್ಲರ್ ರೂಮಿನಲ್ಲಿ ಕೆಲಸ ಮಾಡಿದವರು. ಹಡಗಿನ ಮಾತು ಮನೆಯಲ್ಲಿ ಆಡಿದ್ದೇ ಕಮ್ಮಿ. ಕೊಡಗಿನಲ್ಲಿ ಗೊತ್ತಲ್ವಾ, ಮನೆಮನೆಯ ಗೋಡೆಯಲ್ಲೂ ಸೈನ್ಯದವರ ಫೋಟೊ. ನಮ್ಮ ನೆಂಟರಲ್ಲಿ ಸಮುದ್ರಕ್ಕೆ ಹೋದವರು ಇವರೊಬ್ಬರೇ. ‘ಆಫ್ರಿಕಾಕ್ಕೆ ಹೋಗಿದ್ದಿರಬೇಕು, ಜೊತೆಗೆ 52 ಜನ ಇದ್ದಿರಬೇಕು, ಬಿಡು’ ಅಂತಾರೆ ದೊಡ್ಡಪ್ಪ. ನನಗೆ ಬಿಡೋಕೆ ಮನಸ್ಸಿಲ್ಲ. ಯಾರಿಗಾದರೂ ಗೊತ್ತಾ?

ಕುಶಾಲನಗರದ ಓದುಗ:
ಎರಡು ತಲೆಯ ಹಕ್ಕಿ ಅಂದರೆ ಗಂಡಭೇರುಂಡ. ನಮ್ಮ ನೌಕಾಪಡೆಯ ಐಎನ್‌ಎಸ್ ಮೈಸೂರು ಎಂಬ ಹಡಗಿನ ಲಾಂಛನ ಅದು. 1939ರಲ್ಲಿ ಜರ್ಮನಿಯ ಯುದ್ಧನೌಕೆ ಗ್ರಾಫ್ ಸ್ಪೀ ಜೊತೆ ಕಾದಾಡಿದ ಹಡಗು ಇದೇ ಇರಬೇಕು.

ಹಳೇ ಸಿಗ್ನಲ್‌ಮನ್, ಮಡಿಕೇರಿ:
ಮಗಳೇ, ನಿಮ್ಮ ಅಜ್ಜನ ಹಡಗಿನಲ್ಲಿ ನಾನೂ ಮೂರು ವರ್ಷ ಇದ್ದೆ, 1974ರಿಂದ. ನಿಮ್ಮ ಪೋಸ್ಟ್ ಓದಿ ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ಒಂದು ತಿದ್ದುಪಡಿ. ಗ್ರಾಫ್ ಸ್ಪೀ ಜೊತೆ ಕಾದಾಡಿದ್ದು ಅಕಿಲೀಸ್ ಎಂಬ ಹಡಗು. ಅದು 1948ರಲ್ಲಿ ನಮ್ಮ ‘ಡೆಲ್ಲಿ’ ಆಯಿತು. ‘ಮೈಸೂರು’ ಬೇರೆ. ಅದರ ಹಳೇ ಹೆಸರು ಎಚ್‌ಎಂಎಸ್ ನೈಜೀರಿಯಾ. ಬ್ರಿಟಿಷರ ಲೈಟ್ ಕ್ರೂಸರ್, ಅಂದರೆ ಮಧ್ಯಮ ಗಾತ್ರದ ಯುದ್ಧನೌಕೆ, 1940ರಲ್ಲಿ ಸೇವೆಗೆ ಬಂತು.

1941ರ ಜೂನ್‌ನಲ್ಲಿ ಅದು ಮೂರು ಡೆಸ್ಟ್ರಾಯರ್‌ಗಳ (ಇನ್ನೂ ಚಿಕ್ಕ ಯುದ್ಧನೌಕೆಗಳ) ಜೊತೆ ಉತ್ತರದ ಮಂಜಿನ ಕಡಲಿನಲ್ಲಿ ಲಾವೆನ್‌ಬುರ್ಗ್ ಎಂಬ ಜರ್ಮನ್ ಹಡಗನ್ನು ಹಿಡಿಯಿತು. ಹವಾಮಾನ ವರದಿ ಕಳಿಸುವ ಸಣ್ಣ ಹಡಗು ಅದು. ಆದರೆ ಅದರೊಳಗೆ ಜರ್ಮನರ ಗುಪ್ತಲಿಪಿ ಯಂತ್ರ ಎನಿಗ್ಮಾದ ಕಾಗದಗಳು ಸಿಕ್ಕವು. ಸಿಗ್ನಲ್ ಕೆಲಸ ಮಾಡಿದವನು ನಾನು, ಅಂಥ ಕಾಗದದ ಬೆಲೆ ನನಗೆ ಗೊತ್ತು. ಸೆಪ್ಟೆಂಬರ್‌ನಲ್ಲಿ ನಾರ್ವೆ ಬಳಿ ಬ್ರೆಮ್ಸೆ ಎಂಬ ಜರ್ಮನ್ ಹಡಗನ್ನು ಅರೋರಾ ಎಂಬ ಇನ್ನೊಂದು ಬ್ರಿಟಿಷ್ ಹಡಗಿನ ಜೊತೆ ಸೇರಿ ಮುಳುಗಿಸಿತು.

ಈಗ ಆ 52. ಅದು 1942ರ ಆಗಸ್ಟ್ 12. ಮೆಡಿಟರೇನಿಯನ್ ಕಡಲಿನಲ್ಲಿ ಬ್ರಿಟಿಷರ ಕೈಲಿದ್ದ ಮಾಲ್ಟಾ ದ್ವೀಪದಲ್ಲಿ ಊಟಕ್ಕೂ ಇಂಧನಕ್ಕೂ ಬರ. ಅಲ್ಲಿಗೆ 14 ಸರಕು ಹಡಗುಗಳು ಹೊರಟಿದ್ದವು. ಹತ್ತಿರದ ಬೆಂಗಾವಲಿನ ಮುಖ್ಯ ಹಡಗು ನೈಜೀರಿಯಾ, ಮೇಲೆ ಅಡ್ಮಿರಲ್ ಬರೋ ಇದ್ದರು. ಸಂಜೆ ಇಟಲಿಯ ಆಕ್ಸುಮ್ ಸಬ್‌ಮೆರೀನ್ ಒಂದೇ ಸಲ ನಾಲ್ಕು ಟಾರ್ಪಿಡೊ ಬಿಟ್ಟಿತು. ನೈಜೀರಿಯಾ, ಕೈರೋ ಎಂಬ ಯುದ್ಧನೌಕೆ, ಒಹಾಯೋ ಎಂಬ ತೈಲದ ಹಡಗು, ಮೂರಕ್ಕೂ ಪೆಟ್ಟು. ಬ್ರಿಟಿಷ್ ವಿಮಾನಗಳಿಗೆ ದಾರಿ ಹೇಳುವ ರೇಡಿಯೊ ಇದ್ದದ್ದು ನೈಜೀರಿಯಾ, ಕೈರೋ ಎರಡರಲ್ಲೇ. ಒಂದೇ ಗಳಿಗೆಯಲ್ಲಿ ಎರಡೂ ಹೋದವು. ಅಡ್ಮಿರಲ್ ಅಶಾಂಟಿ ಎಂಬ ಡೆಸ್ಟ್ರಾಯರ್‌ಗೆ ಹೋದರು. ನೈಜೀರಿಯಾ ಗಾಯ ಹೊತ್ತು ಜಿಬ್ರಾಲ್ಟರ್‌ಗೆ ವಾಪಸಾಯಿತು. ಅದರಲ್ಲಿ ಸತ್ತವರು 52 ಜನ. 14ರಲ್ಲಿ ಮಾಲ್ಟಾ ಮುಟ್ಟಿದ್ದು ಐದೇ. ಒಹಾಯೋವನ್ನು ಡೆಸ್ಟ್ರಾಯರ್‌ಗಳಿಗೆ ಕಟ್ಟಿ ದಡ ಸೇರಿಸಿದರು.

ರಿಪೇರಿ ಆಗಿ 1944ರಲ್ಲಿ ಹಡಗು ನಮ್ಮ ಕಡಲಿಗೇ ಬಂತು. ಶ್ರೀಲಂಕಾದ ಟ್ರಿಂಕೋಮಲಿಯಿಂದ ಹೊರಟು, ಜಪಾನೀಯರ ಕೈಲಿದ್ದ ಸುಮಾತ್ರಾ ಬಳಿಯ ಸಬಾಂಗ್ ಬಂದರಿನ ಮೇಲಿನ ದಾಳಿಯಲ್ಲಿ ಭಾಗವಹಿಸಿತು. ಭಾರತ ಅದನ್ನು ಕೊಂಡದ್ದು 1954ರಲ್ಲಿ. ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಹೊಸದು ಮಾಡಿ, 1957ರ ಆಗಸ್ಟ್ 29ಕ್ಕೆ ‘ಮೈಸೂರು’ ಅಂತ ನಾಮಕರಣ. ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ.

ನಾನಿದ್ದಾಗಲೂ ಹಿರಿಯ ಸ್ಟೋಕರ್‌ಗಳು (ಬಾಯ್ಲರ್ ನೋಡಿಕೊಳ್ಳುವವರು) ಹೊಸಬರನ್ನು ಬಾಯ್ಲರ್ ರೂಮಿಗೆ ಇಳಿಸುವಾಗ ಆ 52 ಜನರ ಮಾತು ಹೇಳಿಯೇ ಇಳಿಸುತ್ತಿದ್ದರು. ಅಜ್ಜ ಸುಮ್ನೆ ಬರೆದದ್ದಲ್ಲ.

ಒಂದು ಕೆಲಸ ಮಾಡಿ. ಯುದ್ಧದಲ್ಲಿ ಹಡಗಿಗೆ ಮೂರು ಗನ್‌ಗಳ ನಾಲ್ಕು ಟರೆಟ್ (ತಿರುಗುವ ಫಿರಂಗಿ ಗೂಡು) ಇದ್ದವು. ‘ಮೈಸೂರು’ ಆಗುವಾಗ ಮೂರೇ. ಫೋಟೊದಲ್ಲಿ ಎಷ್ಟಿವೆ ನೋಡಿ.

ಶಾಂತಳ್ಳಿ ಮೊಮ್ಮಗಳು:
ಅಂಕಲ್, ಮುಂದೆ ಎರಡು, ಹಿಂದೆ ಒಂದೇ. ತುಂಬ ಉಪಕಾರವಾಯಿತು. ಬಿಲ್ಲೆ ಕಪ್ಪಾಗಿದೆ, ಹುಣಸೆಹಣ್ಣು ಹಾಕಿ ಉಜ್ಜಲಾ?

ಹಳೇ ಸಿಗ್ನಲ್‌ಮನ್, ಮಡಿಕೇರಿ:
ಬೇಡ. ಒಣಬಟ್ಟೆಯಲ್ಲಿ ಒರೆಸಿ ಸಾಕು. ಫೋಟೊವನ್ನು ಮಾತ್ರ ಈ ಮಳೆ ಮುಗಿಯುವ ತನಕ ಒಲೆ ಹತ್ತಿರದ ಕೋಣೆಯಲ್ಲಿಡಿ, ಬೂಸ್ಟು ಹಿಡಿಯುತ್ತೆ.

ಶಾಂತಳ್ಳಿ ಮೊಮ್ಮಗಳು:
ಆಯ್ತು. ನೀವು ಬರೆದದ್ದನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಫೋಟೊ ಇಸ್ಕೊಂಡು ಜಗಲಿಯಲ್ಲಿ ಕೂತಿದ್ದಾರೆ.